ಗೋಪಮ್ಮ ಹೇಳಿದ್ದು, ಬೆರಳು ಕೇಳಿದ್ದು

ನನ್ನ ಅಳಿಯ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಇರಲಿಲ್ಲ. ಡಿ ಡ್ರೈವೂ ಇರಲಿಲ್ಲ. ಮೂವತ್ತೆರಡು ವರ್ಷ ಮಾನ್ವಿಯ ಸರಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವನು ನಾನು, ಮೌನಪ್ಪ. ಬಾಗಿಲಿಲ್ಲದ ಮನೆ ನೋಡಿದ್ದೇನೆ, ಸಿ ಡ್ರೈವ್ ಇಲ್ಲದ ಕಂಪ್ಯೂಟರ್ ನೋಡಿರಲಿಲ್ಲ.

ಅಳಿಯ ಕಿರಣಕುಮಾರ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಟೆಕ್ನಿಶಿಯನ್. ರಾಯಚೂರಿನ ಅಂಗಡಿಯೊಂದರಲ್ಲಿ ಈ ಹಳೇ ಲ್ಯಾಪ್‌ಟಾಪನ್ನು ಅಗ್ಗಕ್ಕೆ ಹಿಡಿದು, ಒಳಗಿದ್ದ ವಿಂಡೋಸ್ ತೆಗೆದು, ಲಿನಕ್ಸ್ ಹಾಕಿ ತಂದಿದ್ದರು.

"ಮಾವಾರ, ಇದಕ್ಕ ಎರಡ ಜಿಬಿ ಮೆಮೊರಿ ಅದ. ವಿಂಡೋಸ್ ಹಾಕಿದ್ರ ತೇಕು ಹತ್ತತದ. ಲಿನಕ್ಸ್ ಹಗೂರ ಅದ, ಪುಕ್ಕಟೆ ಅದ. ಜಗತ್ತಿನ ಮಂದಿ ಎಲ್ಲಾ ಕೂಡಿ ಮಾಡ್ಯಾರ."

"ಮಂದಿ ಎಲ್ಲಾ ಕೂಡಿ ಮಾಡ್ಯಾರಂದ್ರ, ಕೆಟ್ಟಾಗ ಯಾರನ್ನ ಕೇಳಬೇಕ್ರಿ?"

"ಎಲ್ಲಾರನ್ನೂ ಕೇಳಬಹುದು, ಮಾವಾರ."

ಎಲ್ಲರನ್ನೂ ಕೇಳಬಹುದು ಎಂದರೆ ಯಾರೂ ಸಿಗುವುದಿಲ್ಲ ಎಂದರ್ಥ. ಸರಕಾರಿ ಕಚೇರಿಯಲ್ಲಿ ಸವೆದವನಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಕಡೆ ಅಳಿಯನಿಗೆ ಎದುರು ಮಾತಾಡುವ ಪದ್ಧತಿ ಇಲ್ಲ. ಹೂಂ ಅಂದೆ. ಕನ್ನಡ ಬರಬೇಕಾದರೆ ಯಾವೆರಡು ಕೀಲಿ ಕೂಡಿಸಿ ಒತ್ತಬೇಕು ಎಂದು ತೋರಿಸಿದರು. ಅದಕ್ಕೂ ಹೂಂ ಅಂದೆ. ಸಾಹೇಬರುಗಳ ಮುಂದೆ ಮೂವತ್ತೆರಡು ವರ್ಷ ಹೂಂ ಅಂದ ಬಾಯಿ ಇದು, ಕೇಳದೆಯೇ ಹೂಂ ಅನ್ನುವುದು ಅದಕ್ಕೆ ರೂಢಿ.

ಲ್ಯಾಪ್‌ಟಾಪಿನ ಕೀಲಿಗಳೋ, ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಿದ್ದವು. ಹೊಡೆದರೆ ಹೊಡೆದಂತೆಯೇ ಅನಿಸುತ್ತಿರಲಿಲ್ಲ. ನಿವೃತ್ತಿಯ ದಿನ ಕಚೇರಿಯವರು ಶಾಲು, ಹಾರದ ಜೊತೆ ನನ್ನ ಹಳೇ ಕೀಬೋರ್ಡನ್ನೂ ಕೊಟ್ಟು ಕಳಿಸಿದ್ದರು. ಅದನ್ನೇ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಟಕಟಕ ಸದ್ದು ಕೇಳಿದ ಮೇಲೆ ಜೀವಕ್ಕೆ ಸಮಾಧಾನವಾಯಿತು.

ಇಷ್ಟೆಲ್ಲ ಗದ್ದಲ ಯಾಕೆಂದರೆ ಮಗಳು ಸಂಘಮಿತ್ರಾ ಒಂದು ಕೆಲಸ ಹಚ್ಚಿದ್ದಳು. ಆಕೆ ರಾಯಚೂರಿನಲ್ಲಿ ಕಾಲೇಜು ಉಪನ್ಯಾಸಕಿ. ನಮ್ಮ ಮೂಲ ಊರು ದೇವದುರ್ಗದ ಆಚೆ ಅರಕೇರಾ. ಅಲ್ಲಿ ನನ್ನ ದೊಡ್ಡವ್ವ ಗೋಪಮ್ಮ ಇದ್ದಾಳೆ, ನನ್ನ ತಾಯಿಯ ಅಕ್ಕ, ಎಂಬತ್ನಾಲ್ಕು ವರ್ಷದವಳು. ನಮ್ಮ ಕೇರಿಯ ಮಕ್ಕಳೆಲ್ಲ ಆಕೆಯ ಕೈಯಲ್ಲೇ ಹುಟ್ಟಿದವರು. ಯಾರ ಮಗು ಯಾವ ಮಳೆಯಲ್ಲಿ, ಯಾವ ಹೊತ್ತಿನಲ್ಲಿ ಬಂತು ಅನ್ನುವುದು ಆಕೆಗೆ ಇವತ್ತಿಗೂ ಬಾಯಿಪಾಠ. ಶಾಲೆಯ ದಾಖಲೆಯಲ್ಲಿ ನಾವೆಲ್ಲ ಜೂನ್ ಒಂದರಂದು ಹುಟ್ಟಿದವರು. ಹೆಡ್‌ಮಾಸ್ತರರು ತಾರೀಖು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ಒಂದೇ ದಿನ ನಾಲ್ವರು ನಿವೃತ್ತರಾದೆವು, ಒಂದೇ ಹಾರದ ಅಂಗಡಿಯಿಂದ ನಾಲ್ಕು ಹಾರ.

"ಅಪ್ಪಾ, ದೊಡ್ಡಾಯಿ ಹೇಳೋದನ್ನೆಲ್ಲ ಬರಕೊಂಡು ಬಾ, ಪುಸ್ತಕ ಮಾಡೋಣು. ಫೋನಿನಾಗ ರೆಕಾರ್ಡ್ ಮಾಡಿದ್ರೂ ಸಾಕು," ಅಂದಳು ಸಂಘಮಿತ್ರಾ.

ನನಗೆ ರೇಗಿತು. ನಿಮಿಷಕ್ಕೆ ನಲವತ್ತು ಪದ ಹೊಡೆಯುವವನಿಗೆ ಫೋನು ಯಾಕೆ? "ಆಕಿ ಹೇಳಲಿ, ನಾ ಹೊಡಿತೀನಿ," ಅಂದೆ.

ಮಗಳಿಗೆ ಹೇಳದ ಮಾತೊಂದು ನನ್ನೊಳಗಿತ್ತು. ನನ್ನ ತಾಯಿ ಜಂಬಮ್ಮ, ನಾನು ಇನ್ನೂ ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ಹೋದಳು. ಒಂದು ಫೋಟೋ ಇಲ್ಲ. ಅಪ್ಪ ಆಕೆಯ ಮಾತು ತೆಗೆಯುತ್ತಿರಲಿಲ್ಲ. ನಾನು ಹುಟ್ಟಿದ ದಿನ ಆಕೆಯ ಜೊತೆಗಿದ್ದವರಲ್ಲಿ ಈಗ ಉಳಿದವಳು ಗೋಪಮ್ಮ ಒಬ್ಬಳೇ. ಅರವತ್ತು ದಾಟಿದವನು 'ನಮ್ಮವ್ವ ಹೆಂಗಿದ್ದಳು' ಎಂದು ಕೇಳಲು ನಾಚಿಕೆ. ಈ ನೆಪದಲ್ಲಾದರೂ ಕೇಳಬೇಕು ಎಂದುಕೊಂಡಿದ್ದೆ.

ಮಾನ್ವಿಯಿಂದ ದೇವದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಅರಕೇರಾಕ್ಕೆ ಇನ್ನೊಂದು. ಚೀಲದಲ್ಲಿ ಲ್ಯಾಪ್‌ಟಾಪು, ಬಗಲಲ್ಲಿ ಕೀಬೋರ್ಡು. ಕಂಡಕ್ಟರ್ ನನ್ನನ್ನು ಹಾರ್ಮೋನಿಯಂ ಬಾರಿಸುವವನು ಅಂದುಕೊಂಡ.

ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಲ್ಯಾಪ್‌ಟಾಪ್ ತೆರೆದ ಕೂಡಲೇ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಯಪ್ಪಾ, ಆ ಬೆಳಕು ಕಣ್ಣಿಗೆ ಚುಚ್ಚತದ. ಅದನ್ನ ಮುಚ್ಚು. ನನ್ನ ಮಾರಿ ನೋಡು, ಅಂದ್ರ ಹೇಳ್ತೀನಿ."

ಸರಿ, ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಕ್ಕಾಲು ಪಾಲು ಬಗ್ಗಿಸಿಟ್ಟೆ. ಪರದೆ ನೋಡುವ ಚಟ ನನಗೂ ಇಲ್ಲ. ಮಾನ್ವಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ವಿಬುಧೇಂದ್ರಾಚಾರ್ಯ ಮಾಸ್ತರರು ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಕಲಿಸಿದವರು. "ಕಣ್ಣು ಕಾಗದದ ಮ್ಯಾಲ, ಬೆರಳು ಕೀಲಿ ಮ್ಯಾಲ, ಮನಸ್ಸು ಎಲ್ಲೂ ಬ್ಯಾಡ" ಅನ್ನುವುದು ಅವರ ಮಂತ್ರ. ಮನಸ್ಸು ಅರ್ಥಕ್ಕೆ ಹೋದರೆ ಬೆರಳು ತಪ್ಪುತ್ತದೆ. ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಒಮ್ಮೆ ನನ್ನದೇ ವರ್ಗಾವಣೆ ಆದೇಶವನ್ನು ನಾನೇ ಟೈಪ್ ಮಾಡಿ, ಸಂಜೆ ನೋಟಿಸ್ ಬೋರ್ಡಿನಲ್ಲಿ ಓದಿ ಎದೆ ಒಡೆದುಕೊಂಡಿದ್ದೆ. ಆಮೇಲೆ ಅದು ರದ್ದಾಯಿತು, ಆ ಮಾತು ಬೇರೆ.

ಸ್ಕ್ರಾಲ್ ಲಾಕ್ ಕೀಲಿಯನ್ನು ಒಮ್ಮೆ ಒತ್ತಿದೆ. ಕಚೇರಿಯಲ್ಲಿ ನುಡಿ ತಂತ್ರಾಂಶ ಬಂದಂದಿನಿಂದ ಕನ್ನಡ ಶುರು ಮಾಡುವಾಗ ಮೊದಲು ಒತ್ತುವ ಕೀಲಿ ಅದು. ಶುಭಕಾರ್ಯಕ್ಕೆ ತೆಂಗಿನಕಾಯಿ ಒಡೆದ ಹಾಗೆ.

"ಹೇಳು ದೊಡ್ಡವ್ವಾ. ಮೊದಲ ಹೆರಿಗಿಯಿಂದ ಶುರು ಮಾಡು."

"ಮೊದಲನೇದು ಆಮ್ಯಾಲ ಹೇಳ್ತೀನಿ. ಎರಡನೇದು ಬರಕೋ."

ಹೇಳುತ್ತ ಹೋದಳು. ಹೊಡೆಯುತ್ತ ಹೋದೆ. ಮೃಗಶಿರ ಮಳೆ, ಕುಂಟ ಎತ್ತು, ಕಾಲು ಮುಂದಾಗಿ ಬಂದ ಮಗು, ಅವಳಿಜವಳಿ, ಬಸ್ಸಿನಲ್ಲೇ ಹೆತ್ತವಳು. ಮೊದಲ ಅರ್ಧ ಗಂಟೆ ಅಷ್ಟಿಷ್ಟು ಕಿವಿಗೆ ಬಿತ್ತು. ಆಮೇಲೆ ಬೆರಳು ಮಾತ್ರ ಉಳಿದವು. ಮಧ್ಯೆ ಒಮ್ಮೆ ದೊಡ್ಡವ್ವ ಮುಂದೆ ಬಾಗಿ ನನ್ನ ಮುಖವನ್ನೇ ದಿಟ್ಟಿಸಿದ್ದು ನೆನಪಿದೆ. ಏನು ಹೇಳುತ್ತಿದ್ದಳೋ ನೆನಪಿಲ್ಲ.

ಮೂರು ತಾಸಿನ ಮೇಲೆ ಆಕೆಗೆ ದಣಿವಾಯಿತು. ಚಹಾ ಬಂತು. ಬಸ್ಸಿಗೆ ಹೊತ್ತಾಗಿತ್ತು. ಈಗಲಾದರೂ ಕೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ.

"ದೊಡ್ಡವ್ವಾ, ನಮ್ಮವ್ವಂದು… ನಾ ಹುಟ್ಟಿದ್ದು…"

ದೊಡ್ಡವ್ವ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಆವಾಗಲೇ ಹೇಳಿದೆನಲ್ಲೋ, ಯಪ್ಪಾ. ನೀನೂ ಟಕಾಟಕ ಬಡದಿಯಲ್ಲ. ಅದರಾಗ ಅದ, ಮನಿಗೆ ಹೋಗಿ ಓದಿಕೋ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನೊಮ್ಮೆ ಹೇಳು ಅನ್ನಲು ಬಾಯಿ ಬರಲಿಲ್ಲ. ಇರಲಿ, ಅದರಲ್ಲಿದೆಯಲ್ಲ ಎಂದುಕೊಂಡೆ. ಮುಚ್ಚಳ ಎತ್ತದೆಯೇ ರೂಢಿಯಂತೆ ಸೇವ್ ಮಾಡುವ ಕೀಲಿಗಳನ್ನು ಒತ್ತಿದೆ. ಕೇಳಿದ್ದಕ್ಕೆಲ್ಲ ಎಂಟರ್ ಹೊಡೆದು ಎದ್ದೆ.

ಮಾನ್ವಿಗೆ ಬಂದು, ಕೈಕಾಲು ತೊಳೆದು, ಕನ್ನಡಕ ಒರೆಸಿ, ಫೈಲ್ ತೆರೆದೆ. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಸಣ್ಣವು ದೊಡ್ಡವು ಒಂದರ ಮೇಲೊಂದು ಬಿದ್ದು, ಸಂತೆಯಲ್ಲಿ ಮೂಟೆ ಹರಿದಂತೆ. ಪ್ರತಿ ಪದದ ಕೆಳಗೂ ಕೆಂಪು ಗೆರೆ. ಹೀಗೆ ಮೂವತ್ತೊಂದು ಪುಟ. ಮುಚ್ಚಿ ತೆರೆದೆ, ಹಾಗೇ ಇತ್ತು. ಕಂಪ್ಯೂಟರ್ ಬಂದ್ ಮಾಡಿ ಶುರು ಮಾಡಿದೆ, ಆಗಲೂ ಹಾಗೇ ಇತ್ತು. ಬೇರೆ ಯಾರದೋ ಫೈಲ್ ತೆರೆದೆನೇ ಎಂದು ಹುಡುಕಿದೆ. ಸಿ ಡ್ರೈವೇ ಇಲ್ಲದಲ್ಲಿ ಏನೆಂದು ಹುಡುಕುವುದು?

ಅಳಿಯನಿಗೆ ಫೋನ್ ಹಚ್ಚಿದೆ. ಹಿಂದೆ ಯಂತ್ರದ ಸದ್ದು, ಅವರು ಪಾಳಿಯಲ್ಲಿದ್ದರು.

"ನಿಮ್ಮ ಪುಕ್ಕಟೆ ಲಿನಕ್ಸ್ ನನ್ನ ಫೈಲ್ ತಿಂದದ್ರಿ!"

"ತಿನ್ನೂದಿಲ್ಲ ಮಾವಾರ. ಐತವಾರ ಬಂದು ನೋಡ್ತೀನಿ. ಅಲ್ಲೀತನಾ ಏನೂ ಮಾಡಬ್ಯಾಡ್ರಿ."

ಏನೂ ಮಾಡದೆ ಕೂರುವುದು ನನ್ನ ಜಾಯಮಾನವಲ್ಲ. ಮರುದಿನ ಪೆನ್‌ಡ್ರೈವ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಎದುರಿನ ಸೈಮಾಳ ಸೆಂಟರಿಗೆ ಹೋದೆ. ಆನ್‌ಲೈನ್ ಅರ್ಜಿ ತುಂಬುವ ಹುಡುಗಿ, ಚುರುಕು. ಆದರೆ ಟೈಪ್ ಮಾಡುವುದಿಲ್ಲ. ಫೋನಿಗೆ ಮಾತಾಡುತ್ತಾಳೆ, ಅದೇ ಬರೆದುಕೊಳ್ಳುತ್ತದೆ.

"ಇದು ಫಾಂಟ್ ಪ್ರಾಬ್ಲಮ್ ಸರ್. ನುಡಿ ಫಾಂಟ್ ಹಚ್ಚತೀನಿ ತಡೀರಿ," ಎಂದು ಎಲ್ಲವನ್ನೂ ಹಿಡಿದು ಫಾಂಟ್ ಬದಲಿಸಿದಳು.

ಪರದೆಯ ತುಂಬ ಕನ್ನಡ ಬಂತು. ನನಗೆ ಜೀವ ಬಂತು. ಓದಲು ಹೋದರೆ ಅದು ಕನ್ನಡವೇ ಅಲ್ಲ. ಅರ್ಧ ಅಕ್ಷರ, ಬರೀ ಕೊಂಬು, ತಲೆಕಟ್ಟಿಲ್ಲದ ಯಾವುದೋ ಸುರುಳಿ. ಇಂಗ್ಲಿಷಿನಲ್ಲಿದ್ದಾಗ ಅರ್ಥವಾಗುವುದಿಲ್ಲ ಎಂದಾದರೂ ಗೊತ್ತಿತ್ತು. ಈಗ ಅರ್ಥವಾಗಬೇಕು ಅನ್ನಿಸುತ್ತದೆ, ಆಗುವುದಿಲ್ಲ. ತಲೆ ಗಿರ್ರೆಂದಿತು.

"ಫೈಲ್ ಕರಪ್ಟ್ ಆಗ್ಯಾದ ಸರ್. ಇನ್ನೊಮ್ಮೆ ಹೇಳಿಸಿಕೊಂಡು ಬರ್ರಿ," ಅಂದಳು ಸೈಮಾ.

ಅದೇ ಸರಿ ಅನಿಸಿತು. ನಾಚಿಕೆ ಬಿಟ್ಟು ಹೋಗಿ ಕೇಳುವುದು, ಈ ಸಲ ಕಿವಿ ತೆರೆದು ಕೇಳುವುದು. ಶನಿವಾರ ಹೋಗುವುದೆಂದು ಗಟ್ಟಿ ಮಾಡಿದೆ. ಶುಕ್ರವಾರ ಬೆಳಿಗ್ಗೆ ದೊಡ್ಡವ್ವನ ಸೊಸೆ ನಾಗವೇಣಿಯ ಫೋನು ಬಂತು.

"ಮಾವಾ, ನಮ್ಮ ಅತ್ತೀಗೆ ಲಕ್ವಾ ಹೊಡದದ. ರಾಯಚೂರಿಗೆ ತಂದೀವಿ. ಬಲಗಡಿ ಬಿದ್ದಾದ. ಮಾತು ಬರವಲ್ದು."

ಆಸ್ಪತ್ರೆಯಲ್ಲಿ ದೊಡ್ಡವ್ವ ಮಂಚದ ಮೇಲೆ ಸಣ್ಣದಾಗಿ ಕಂಡಳು. ನನ್ನನ್ನು ಗುರುತು ಹಿಡಿದಳು, ಎಡಗೈ ಎತ್ತಿದಳು. ತುಟಿ ಅಲುಗಿತು, ಸದ್ದು ಮಾತ್ರ ಮಾತಾಗಲಿಲ್ಲ. ಜೀವಕ್ಕೆ ಅಪಾಯವಿಲ್ಲ, ಮಾತು ಮರಳುವುದು ಕಷ್ಟ, ಈ ವಯಸ್ಸಿಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಸಂಘಮಿತ್ರಾ ನನ್ನ ಭುಜದ ಮೇಲೆ ಕೈಯಿಟ್ಟಳು.

"ನೀ ಬರಕೊಂಡಿದ್ದು ಚಲೋ ಆತಪ್ಪಾ. ಅದೊಂದರ ಉಳೀತು."

ಅವಳಿಗೆ ಏನೆಂದು ಹೇಳಲಿ? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅರವತ್ತು ವರ್ಷ ಕೇಳಲಿಲ್ಲ. ಕೇಳಿದಾಗ ಕೇಳಿಸಿಕೊಳ್ಳಲಿಲ್ಲ. ನನ್ನ ತಾಯಿಯನ್ನು ಕಂಡವಳು ನನ್ನ ಎದುರು ಕೂತು, ನನ್ನ ಕಣ್ಣು ನೋಡುತ್ತ ಎಲ್ಲ ಹೇಳಿದ್ದಳು. ನಾನು ಗಿಳಿಯೂ ಅಲ್ಲ. ಗಿಳಿಗಾದರೂ ಒಂದು ಮಾತು ನೆನಪಿರುತ್ತದೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಲ್ಯಾಪ್‌ಟಾಪನ್ನು ಅಳಿಯನಿಗೇ ಕೊಟ್ಟುಬಿಡಬೇಕೆಂದು ಕೀಬೋರ್ಡ್ ಸಮೇತ ತಂದಿದ್ದೆ. ಅದನ್ನು ಎತ್ತಿಕೊಂಡು ನೇರ ಅಳಿಯ ಕೊಂಡಿದ್ದ ಅಂಗಡಿಗೆ ಹೋದೆ. ಅಂಗಡಿಯ ಅಂಬರೇಶ ಕೌಂಟರಿನ ಮೇಲೆ ಹತ್ತು ಲ್ಯಾಪ್‌ಟಾಪ್ ಬಿಚ್ಚಿ ಹರಡಿಕೊಂಡು ಕೂತಿದ್ದ.

"ಈ ದರಿದ್ರ ಲಿನಕ್ಸ್ ಕಿತ್ತು ಒಗೀರಿ. ವಿಂಡೋಸ್ ಹಾಕ್ರಿ."

"ಹಾಕೋಣ್ರಿ. ಎಲ್ಲಾ ಅಳಿಸಿ ಹಾಕಬೇಕು. ಒಳಗ ಫೈಲ್ ಏನರ ಬೇಕೇನ್ರಿ?"

"ಒಂದು ಅದ. ಅದೂ ಹಾಳಾಗ್ಯಾದ. ಹೋಗಲಿ."

ಅಂಬರೇಶ ಫೈಲ್ ತೆರೆದು ನೋಡಿ ತಲೆ ಕೆರೆದುಕೊಂಡ.

"ಸಿಸ್ಟಮ್ ಕೆಟ್ಟಿಲ್ರಿ ಇದು. ನಿಮ್ಮ ಕೀಬೋರ್ಡ್ ಕೆಟ್ಟಿರಬೇಕು. ಭಾಳ ಹಳೇದದ. ಹೊಡೀರಿ, ನೋಡೋಣು."

ನನ್ನ ಕೀಬೋರ್ಡ್ ಕೆಟ್ಟಿದೆ ಅನ್ನುವುದು ನನಗೆ ಬೈದಂತೆಯೇ. ಅಲ್ಲೇ ಸಿಕ್ಕಿಸಿದೆ. ಸ್ಕ್ರಾಲ್ ಲಾಕ್ ಒತ್ತಿದೆ. ನನ್ನ ಹೆಸರು ಹೊಡೆದೆ. ಹೊಡೆಯುವಾಗ ಪರದೆ ನೋಡಿದ್ದು ಬಹುಶಃ ಅದೇ ಮೊದಲು. ಮೌನಪ್ಪ ಎಂದು ಹೊಡೆದರೆ ಕೊನೆಗೆ ಮೂರು ಇಂಗ್ಲಿಷ್ ಅಕ್ಷರ ಬಿದ್ದವು: ಪಿ, ಎಫ್, ಪಿ.

ಕಣ್ಣು ನಡುವಿನ ಎಫ್ ಮೇಲೆ ನಿಂತಿತು. ಎಫ್ ಅನ್ನುವುದು ನನಗೆ ಅಕ್ಷರವೇ ಆಗಿರಲಿಲ್ಲ, ಅದು ಎಡಗೈಯ ತೋರುಬೆರಳು ಮಾತ್ರ. ನುಡಿಯಲ್ಲಿ ಒತ್ತಕ್ಷರ ಬೇಕಾದಾಗ ಆ ಬೆರಳು ತಾನೇ ಬೀಳುತ್ತದೆ. ಪ ಹೊಡೆದು, ಎಫ್ ಹೊಡೆದು, ಮತ್ತೆ ಪ ಹೊಡೆದರೆ ಪ್ಪ. ಯಂತ್ರ ಏನನ್ನೂ ತಿಂದಿರಲಿಲ್ಲ. ಈ ಲಿನಕ್ಸಿಗೆ ನನ್ನ ಸ್ಕ್ರಾಲ್ ಲಾಕಿನ ತೆಂಗಿನಕಾಯಿ ಗೊತ್ತಿಲ್ಲ. ಅಳಿಯ ತೋರಿಸಿದ ಎರಡು ಕೀಲಿ ಒತ್ತುವ ತನಕ ಅದು ಇಂಗ್ಲಿಷಿನಲ್ಲೇ ಕಾದು ಕೂತಿತ್ತು. ಮೂರು ತಾಸು ನಾನು ಬಡಿದದ್ದನ್ನು ಬಡಿದ ಕ್ರಮದಲ್ಲೇ, ಒಂದು ಕೀಲಿಯನ್ನೂ ಬಿಡದೆ ಇಟ್ಟುಕೊಂಡಿತ್ತು. ತಪ್ಪು ನನ್ನದೇ, ಹೂಂ ಅಂದ ನನ್ನ ಬಾಯಿಯದು.

"ಶುರು ಮಾಡಲೇನ್ರಿ?" ಅಂಬರೇಶ ಅಳಿಸುವ ಪೆನ್‌ಡ್ರೈವನ್ನು ಆಗಲೇ ಚುಚ್ಚಿದ್ದ.

"ಮುಟ್ಟಬ್ಯಾಡ್ರಿ!" ನಾನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರೂ ಬಂದು ಇಣುಕಿದರು.

ಅಲ್ಲೇ ನಿಂತು, ಹುಡುಕುವ ಜಾಗದಲ್ಲಿ ಜಂಬಮ್ಮ ಎಂದು ಹೊಡೆದೆ. ಜೆ, ದೊಡ್ಡ ಎಮ್, ಬಿ, ಎಮ್, ಎಫ್, ಎಮ್. ಹತ್ತೊಂಬತ್ತನೇ ಪುಟಕ್ಕೆ ಹೋಗಿ ನಿಂತಿತು. ಅಲ್ಲಿದ್ದಳು ನನ್ನವ್ವ, ಆರು ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೊಂದು ಕೆಂಪು ಗೆರೆ ಎಳೆಸಿಕೊಂಡು.

ಶಕ್ತಿನಗರದ ಮಗಳ ಮನೆಗೆ ಹೋದೆ. ಪಾಳಿ ಮುಗಿಸಿ ಬಂದ ಅಳಿಯ ಫೈಲ್ ನೋಡಿ ನಕ್ಕರು.

"ಇಷ್ಟೇನ್ರಿ ಮಾವಾರ? ಎರಡು ಸಾಲಿನ ಪ್ರೋಗ್ರಾಮ್ ಬರದ್ರ ಒಂದು ಕ್ಷಣದಾಗ ಎಲ್ಲಾ ಕನ್ನಡ ಆಗತದ. ಬರದುಕೊಡ್ಲಿ?"

"ಬ್ಯಾಡ್ರಿ," ಅಂದೆ. ಅಳಿಯನ ಮುಖಕ್ಕೆ ನಾನು ಆಡಿದ ಮೊದಲ ಎದುರು ಮಾತು ಅದು. "ನಾನ ಹೊಡಿತೀನಿ."

ಫೈಲಿನ ಪುಟಗಳನ್ನು ಅಚ್ಚು ಹಾಕಿಸಿ ಬಲಕ್ಕಿಟ್ಟುಕೊಂಡೆ. ಆ ಎರಡು ಕೀಲಿ ಒತ್ತಿ, ಕನ್ನಡ ಬಂದದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡೆ. ಕಾಗದದ ಮೇಲಿನ ಇಂಗ್ಲಿಷ್ ಅಕ್ಷರವನ್ನು ನೋಡಿ ಅದೇ ಕೀಲಿ ಹೊಡೆಯುವುದು, ಪರದೆಯ ಮೇಲೆ ದೊಡ್ಡವ್ವ ಮಾತಾಡುವುದು. ಪ್ರತಿ ವಾಕ್ಯದ ಮೊದಲ ಅಕ್ಷರವನ್ನು ಯಂತ್ರ ತಾನಾಗಿ ದೊಡ್ಡದು ಮಾಡಿದ್ದರಿಂದ ಅಲ್ಲಲ್ಲಿ ಕೂಸು 'ಖೂಸು' ಆಗಿತ್ತು, ಅದನ್ನು ತಿದ್ದಿದೆ. ವಿಬುಧೇಂದ್ರಾಚಾರ್ಯರ ಶಿಷ್ಯ ಜೀವಮಾನದಲ್ಲಿ ಮೊದಲ ಸಲ ಮನಸ್ಸಿಟ್ಟು ಟೈಪ್ ಮಾಡಿದ. ತಪ್ಪುಗಳು ಬಹಳ ಬಿದ್ದವು. ಹದಿನೆಂಟು ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಹತ್ತೊಂಬತ್ತನೆಯದಕ್ಕೆ ಇಡೀ ಒಂದು ದಿನ.

ಹದಿನೈದು ದಿನಕ್ಕೆ ದೊಡ್ಡವ್ವನನ್ನು ಅರಕೇರಾಕ್ಕೆ ಕರೆತಂದರು. ಪಡಸಾಲೆಯಲ್ಲಿ ಆಕೆಯ ಮಂಚದ ಪಕ್ಕ ಕೂತು, ಆಕೆಯ ಮುಖ ಕಾಣುವಂತೆ ಕಾಗದ ಹಿಡಿದು, ಮೊದಲ ಪುಟದಿಂದ ಓದುತ್ತ ಹತ್ತೊಂಬತ್ತನೆಯದಕ್ಕೆ ಬಂದೆ.

"ಇನ್ನ ಮೊದಲನೇದು. ಅದು ಜಂಬಮ್ಮಂದು. ನಾನಾಗ ಇಪ್ಪತ್ತು ವರ್ಷದಾಕಿ, ಹೆರಿಗಿ ಅಂದ್ರೇನು ಗೊತ್ತಿಲ್ಲ. ಹದಿನಾಕು ಮಂದಿ ಮಾನ್ವಿ ಕಡಿ ನೆಲ್ಲು ಕೊಯ್ಯಾಕ ಹೋಗಿದ್ವಿ. ದೀವಳಿಗಿ ಅಮಾಸಿ ಆಗಿ ನಾಕು ದಿನ. ಮಾನ್ವಿ ಹತ್ತರ ಕಾಲುವಿ ದಂಡಿ ಮ್ಯಾಲ ಜಂಬಮ್ಮ ಕುಂತುಬಿಟ್ಟಳು. ಹಿರ್ಯಾರು ಯಾರೂ ಇಲ್ಲ. ಯಕ್ಕಾ, ನೀನ ಹಿಡಿ ಅಂದಳು. ಕೂಸು ಬಂತು, ಅಳವಲ್ದು. ಕಾಲುವಿ ನೀರು ಹೊಡದೆ, ಬೆನ್ನು ತಟ್ಟಿದೆ, ಆಗ ಅಳ್ತು. ಜಂಬಮ್ಮ ಕೂಸಿನ ಮಾರಿ ನೋಡಲಿಲ್ಲ. ಮುಚ್ಚಿದ ಮುಷ್ಟಿ ಬಿಚ್ಚಿ ಬೆರಳು ಎಣಿಸಿದಳು. ಹತ್ತೂ ಅದಾವ ಯಕ್ಕಾ ಅಂದಳು. ಈ ಬೆರಳಿಗೆ ಕುಡುಗೋಲು ಕೊಡಬ್ಯಾಡ್ರಿ, ಸಾಲಿಗೆ ಹಾಕ್ರಿ ಅಂದಳು. ಆಕಿ ಹೋದಮ್ಯಾಲ ನಾ ನಿಮ್ಮಪ್ಪನ ಬೆನ್ನು ಬಿಡಲಿಲ್ಲ. ಅದಕ್ಕ ನೀ ಸಾಲಿಗೆ ಹೋದಿ."

ನಿಲ್ಲಿಸಿದೆ. ಮೂವತ್ತೆರಡು ವರ್ಷ ಆ ಕಾಲುವೆಯ ದಂಡೆಯ ಮೇಲೆಯೇ ನಡೆದು ಕಚೇರಿಗೆ ಹೋಗಿದ್ದೇನೆ. ನಿವೃತ್ತನಾದ ಮೇಲೂ ಬೆಳಗಿನ ತಿರುಗಾಟ ಅಲ್ಲೇ. ಕಾಗದ ಹಿಡಿದ ಬೆರಳುಗಳನ್ನು ನೋಡಿಕೊಂಡೆ. ಆ ಪುಟದಲ್ಲಿ ಇನ್ನೆರಡು ಸಾಲು ಉಳಿದಿದ್ದವು.

"ಕೇಳಿಸ್ತೇನಪ್ಪಾ ನಿನಗ? ಇಲ್ಲ, ಇಂವಗ ಕೇಳಿಸವಲ್ದು, ಮಾರಿ ಗ್ವಾಡಿ ಆಗ್ಯಾದ. ಆಗಲಿ, ಬೆರಳು ನಡದಾವ, ನಡೀಲಿ."

"ಕೇಳಿಸ್ತು ದೊಡ್ಡವ್ವಾ," ಅಂದೆ. "ಈಗ ಕೇಳಿಸ್ತು."

ದೊಡ್ಡವ್ವ ಎಡಗೈ ಎತ್ತಿ, ಸಾಕು, ಮುಂದಕ್ಕೆ ನಡೆ ಎಂಬಂತೆ ಬೀಸಿದಳು. ಇನ್ನೂ ಹನ್ನೆರಡು ಪುಟಗಳ ಮಕ್ಕಳು ಕಾಯುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಹಾಳೆ ತಿರುಗಿಸಿದೆ. ಮುಂದಿನ ಹೆರಿಗೆ ಚನ್ನಮಲ್ಲಮ್ಮನದು.